ಹನ್ನೊಂದು ಬಾಗಿಲಿಗೆ ಒಂದೇ ಪದ್ಯ

ನಮ್ಮೂರಿನ ಬಾಗಿಲುಗಳಿಗೆ ಬೀಗವಿಲ್ಲ, ಕಿವಿಯಿದೆ. ಬಾಗಿಲಿಗೆ ಮೊದಲೇ ಒಪ್ಪಿಸಿಟ್ಟ ಪದ್ಯವನ್ನು ಅದರ ಮುಂದೆ ನಿಂತು ಹೇಳಿದರೆ ತೆರೆದುಕೊಳ್ಳುತ್ತದೆ. ಹೇಳದಿದ್ದರೆ ಆನೆ ಬಂದು ದೂಡಿದರೂ ಇಲ್ಲ. ಬೀದಿ ಬಾಗಿಲು, ಉಗ್ರಾಣದ ಬಾಗಿಲು, ಬೀರುವಿನ ಬಾಗಿಲು, ಎಲ್ಲವೂ ಹಾಗೆಯೇ. ಆದ್ದರಿಂದ ನಮ್ಮೂರಲ್ಲಿ ಪದ್ಯ ಕಟ್ಟದವರು ಯಾರೂ ಇಲ್ಲ. ಒಳ್ಳೆಯ ಪದ್ಯ ಕಟ್ಟಿದವರೂ ಯಾರೂ ಇಲ್ಲ, ನನ್ನೊಬ್ಬನನ್ನು ಬಿಟ್ಟರೆ. ಈ ಮಾತನ್ನು ಆಗ ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಹೇಳುವ ಕಾರಣ ಬೇರೆ.

ಯಾರಾದರೂ ಬಾಗಿಲ ಮುಂದೆ ಪದ್ಯ ಹೇಳಲು ನಿಂತರೆ, ಹತ್ತಿರ ಇದ್ದವರು ಮುಖ ಆಚೆ ತಿರುಗಿಸಿ ಜೋರಾಗಿ ಕೆಮ್ಮಬೇಕು. ಅದು ನಮ್ಮೂರ ಮರ್ಯಾದೆ. ಮಕ್ಕಳಿಗೆ ನಡೆಯಲು ಕಲಿಸಿದ ಮೇಲೆ ಕೆಮ್ಮಲು ಕಲಿಸುತ್ತೇವೆ. ಎಲ್ಲರೂ ಮನೆ ಸೇರುವ ಹೊತ್ತಿನಲ್ಲಿ ಹೊಸಬರು ಬಂದರೆ ಊರಿಗೆ ಊರೇ ನೆಗಡಿ ಹತ್ತಿ ಕೂತಿದೆ ಎಂದುಕೊಂಡಾರು. ಆ ಕೆಮ್ಮಿನ ಮರೆಯಲ್ಲಿ ಜನ ಬಾಯಿಗೆ ಅಂಗೈ ಅಡ್ಡ ಹಿಡಿದು, ಏನೋ ಗೊಣಗಿ, ಒಳಗೆ ನುಸುಳುತ್ತಾರೆ. ಅಷ್ಟು ಮುಚ್ಚಿಡುವಂಥದ್ದು ಅವರ ಪದ್ಯದಲ್ಲಿ ಏನಿದ್ದೀತು ಎಂದು ನನಗೆ ನಗು ಬರುತ್ತಿತ್ತು.

ನಾನು ಬೆಳೆದದ್ದು ಪದ್ಯ ಕೇಳಿಕೊಂಡು. ನಮ್ಮಜ್ಜ ಬಸದಿಯ ಮೊಗಸಾಲೆಯಲ್ಲಿ ಪುರಾಣ ಓದುತ್ತಿದ್ದರು. ನನ್ನ ತೊಟ್ಟಿಲನ್ನು ಅಲ್ಲೇ ಮೂರನೇ ಕಂಬದ ಹತ್ತಿರ ಇಡುತ್ತಿದ್ದರಂತೆ. ಈಗ ಜಿನ್ನಪ್ಪ ಮೇಷ್ಟ್ರು ಓದುತ್ತಾರೆ. ದಿನಾ ಮೂರು ಗಂಟೆಗೆ ಶುರು, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಮುಗಿತಾಯ. ನಾನು ಈಗಲೂ ಅದೇ ಮೂರನೇ ಕಂಬಕ್ಕೆ ಒರಗಿ ಕೂರುತ್ತೇನೆ. ನನಗೆ ಕಂಠವಿಲ್ಲ, ಕಿವಿ ಇದೆ. ಆ ಮಟ್ಟಿಗೆ ನಾನೂ ನಮ್ಮೂರ ಬಾಗಿಲಿನ ಜಾತಿಯೇ. ಒಳ್ಳೆಯ ಸಾಲು ಬಂದರೆ ನನ್ನ ತಲೆ ತಾನಾಗಿ ಆಡುತ್ತದೆ, ಮೇಷ್ಟ್ರು ಅದನ್ನು ನೋಡಿ ಮತ್ತೊಮ್ಮೆ ಆ ಸಾಲನ್ನು ಹಾಡುತ್ತಾರೆ. ಸಾಲು ಕುಂಟಿದರೆ ನನಗೆ ಹಲ್ಲುನೋವು ಬಂದ ಹಾಗೆ ಆಗುತ್ತದೆ. ಹೊರಗಿನಿಂದ ಬಂದು ಓದಿದ ವಿದ್ವಾಂಸರೊಬ್ಬರನ್ನು ನಡುವೆಯೇ ತಿದ್ದಿ, ಅವರು ಊಟ ಮಾಡದೆ ಹೊರಟುಹೋದದ್ದೂ ಉಂಟು. ಮಾತು ಕಡಿಮೆಯ ಮನುಷ್ಯ, ಪಾರೀಸಯ್ಯ ಬಹಳ ಸಾಧು ಎಂದು ಊರವರು ನನ್ನ ಬಗ್ಗೆ ಹೇಳುತ್ತಾರೆ. ನಾನು ಬಾಯಿ ಬಿಡುವುದು ತಿದ್ದುವುದಕ್ಕೆ ಮಾತ್ರ ಎಂದು ನನ್ನ ಹೆಂಡತಿ ಮರುದೇವಿ ಹೇಳುತ್ತಾಳೆ.

ಮದುವೆಯಾಗಿ ಸ್ವಂತ ಮನೆ ಹಿಡಿದಾಗ ಬಾಗಿಲಿಗೆಂದು ಮೂರು ತಿಂಗಳು ಕೂತು ಒಂದು ಪದ್ಯ ಕಟ್ಟಿದೆ. ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ, ಬರೆದೇ ಬಿಡುತ್ತೇನೆ:

ಬಾಗಿಲೇ ನಿನ್ನೆದುರು ಬಾಗಿರುವೆ ನಾನು
ಕೂಗಿ ಕರೆಯದ ಹಣತೆ ಒಳಗಿಟ್ಟೆ ನೀನು
ಸಾಗಿ ಬಂದಿಹ ದಣಿವ ಹೊಸಿಲಲ್ಲಿ ಇಳಿಸಿ
ಹೋಗುವೆನು ಒಳಗೊಂದು ಸೊಡರಾಗಿ ಬೆಳಗಿ

ಎಷ್ಟು ಚೆನ್ನಾಗಿದೆ ಎಂದು ನಾನು ಹೇಳಬಾರದು. ಚೆನ್ನಾಗಿದೆ. ಒಂದು ಬಾಗಿಲಿಗೆ ಒಪ್ಪಿಸಿದ ಮೇಲೆ ಇನ್ನೊಂದಕ್ಕೆ ಬೇರೆ ಕಟ್ಟಲು ಮನಸ್ಸು ಬರಲಿಲ್ಲ. ಬೀದಿ ಬಾಗಿಲು, ಹಿತ್ತಿಲ ಬಾಗಿಲು, ದೇವರ ಕೋಣೆ, ಉಗ್ರಾಣ, ಕೊಟ್ಟಿಗೆ ಅಂತ ಶುರುವಾಗಿ, ನಾನು ಗುಮಾಸ್ತನಾಗಿರುವ ಊರ ಕಚೇರಿಯ ಬಾಗಿಲು, ಅದರೊಳಗಿನ ಕಬ್ಬಿಣದ ಬೀರು, ಎಲ್ಲ ಸೇರಿ ಹನ್ನೊಂದಕ್ಕೂ ಅದೇ ಪದ್ಯ. ಮರುದೇವಿಯ ಟ್ರಂಕು ಮಾತ್ರ ಹೊರತು. ಅದರ ಪದ್ಯ ಇಪ್ಪತ್ತಾರು ವರ್ಷವಾದರೂ ನನಗೆ ಗೊತ್ತಿಲ್ಲ.

"ಹನ್ನೊಂದಕ್ಕೂ ಒಂದೇನಾ? ಒಂದು ಹೋದ್ರೆ ಎಲ್ಲಾ ಹೋಯ್ತಲ್ರೀ," ಎಂದಳು ಅವಳು.

"ಇಂಥ ಪದ್ಯ ಬೇರೆಯವರಿಗೆ ಹೊಳೆಯೋದು ಸಾಧ್ಯಾನೇನೇ?"

"ಹೊಳೀಬೇಕಾಗಿಲ್ಲ. ಕೇಳಿಸಿದ್ರೆ ಸಾಕು."

ಅವಳಿಗೆ ಕಾವ್ಯದ ಗಂಧವಿಲ್ಲ ಎಂದು ಮನಸ್ಸಿನಲ್ಲೇ ಕ್ಷಮಿಸಿದೆ. ಇನ್ನೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಬಾಗಿಲ ಮುಂದೆ ನಿಂತಾಗ ಜನ ಕೆಮ್ಮಿದರೆ ನನಗೆ ಬೇಜಾರಾಗುತ್ತಿತ್ತು. ಅವರ ಕೆಮ್ಮು ಮುಗಿಯುವ ತನಕ ಕಾದು, ಆಮೇಲೆ ಪದ್ಯ ಹೇಳುತ್ತಿದ್ದೆ.

ತುಂಗವ್ವ ನಮ್ಮೂರಿಗೆ ಬಂದದ್ದು ಒಂದೂವರೆ ವರ್ಷದ ಹಿಂದೆ, ಮಾಘ ಮಾಸದಲ್ಲಿ. ಜರಡಿ ಹೆಣೆಯುವ ಹೆಂಗಸು. ಹಿಟ್ಟಿನ ಜರಡಿ, ರವೆ ಜರಡಿ, ಸಾರಣೆಯ ಮರಳಿನ ಜರಡಿ, ಯಾವುದಾದರೂ ಸರಿ, ಕಣ್ಣು ಮುಚ್ಚಿ ತಂತಿ ಎಳೆಯುತ್ತಾಳೆ. ಹೊಸದಾಗಿ ಬಂದವರು ಕಚೇರಿಯಲ್ಲಿ ಒಂದು ಚೀಟಿ ಬರೆದಿಡಬೇಕು: ಬಿಟ್ಟುಬಂದ ಊರು, ಹುಟ್ಟಿದಾಗಿನ ಹೆಸರು, ಇಲ್ಲಿಟ್ಟುಕೊಂಡ ಹೆಸರು, ಈಗಿರುವ ಮನೆ. ಅವಳು ಬರೆದು ಮುಗಿಸಿ ಚೀಟಿಯನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡಳು. ಮುಂಗೈಯಲ್ಲಿ ಸುಟ್ಟ ಗಾಯದ ಉದ್ದ ಗೆರೆಯೊಂದಿತ್ತು.

"ಅಣ್ಣಾ, ಇದು ಯಾರ ಕೈಗೂ ಸಿಗಬಾರದು," ಎಂದಳು. "ಮೂರು ಊರು ಬಿಟ್ಟು ಬಂದಿದೀನಿ. ಮೂರು ಕಡೇನೂ ಹುಡುಕ್ಕೊಂಡು ಬಂದ. ಇನ್ನೊಂದು ಸಲ ಓಡೋಕೆ ನನ್ನ ಕೈಲಾಗಲ್ಲ."

ಯಾರು ಎಂದು ನಾನು ಕೇಳಲಿಲ್ಲ. ಕೈಯ ಗೆರೆ ಹೇಳಿತ್ತು. "ತಾಯೀ, ಈ ಬೀರು ತೆಗೆಯೋ ಪದ್ಯ ನನ್ನೊಬ್ಬನಿಗೇ ಗೊತ್ತು. ಅಂಥಿಂಥ ಪದ್ಯ ಅಲ್ಲ," ಎಂದು ಎದ್ದು ಬೀರುವಿನ ಮುಂದೆ ನಿಂತೆ. ಅವಳು ಮುಖ ತಿರುಗಿಸಿ ಕೆಮ್ಮಿದಳು. ಚೀಟಿ ಒಳಗೆ ಹೋಯಿತು.

ಹೋದ ಚೈತ್ರದಲ್ಲಿ ಮೊಗಸಾಲೆಗೆ ಕೆಂಪು ಶಾಲು ಹೊದ್ದ ಹೊರಗಿನವನೊಬ್ಬ ಬಂದ. ನಾಲ್ಕು ದಿನ ನನ್ನ ಪಕ್ಕದಲ್ಲೇ ಕೂತ. ನಾನು ತಲೆಯಾಡಿಸಿದಲ್ಲೆಲ್ಲ ತಾನೂ ಆಡಿಸಿದ. ಐದನೆಯ ದಿನ, "ಇಷ್ಟು ಚೆನ್ನಾಗಿ ಕೇಳೋರು ಏನೂ ಬರೆದಿಲ್ಲ ಅಂದ್ರೆ ನಾನು ನಂಬಲ್ಲ ಸ್ವಾಮೀ," ಎಂದ. ಜಿನೇಂದ್ರನ ಎದುರಿಗೆ ಸುಳ್ಳು ಹೇಳುವುದು ಹೇಗೆ? ಒಂದು ಬಾಗಿಲ ಪದ್ಯ ಬರೆದದ್ದುಂಟು, ಆದರೆ ಪೂರ್ತಿ ಹೇಳುವ ಹಾಗಿಲ್ಲ ಎಂದೆ. "ಛೆ ಛೆ, ಪೂರ್ತಿ ಯಾಕೆ, ಎರಡು ಸಾಲು ಸಾಕು," ಎಂದ. ಎರಡು ಸಾಲಿನಿಂದ ಯಾವ ಬಾಗಿಲೂ ತೆರೆಯುವುದಿಲ್ಲವಲ್ಲ ಎಂದು ಮೊದಲ ಎರಡು ಸಾಲು ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

"ಉಳಿದದ್ದು ಹೇಳಬೇಡಿ, ನಾನೇ ಊಹಿಸ್ತೀನಿ," ಎಂದು ಕಣ್ಣು ಒರೆಸಿಕೊಂಡು ಶುರುಮಾಡಿದ. "'ಚಪ್ಪಲಿ ಬಿಚ್ಚಿ ಮೂಲೆಯಲಿಟ್ಟು ಬಂದಿದ್ದೇನೆ, ದಯವಿಟ್ಟು ಬೇಗ ಬಾಗಿಲು ತೆಗೆ.' ಹೀಗೇ ತಾನೆ?"

ನನ್ನ ಹಣತೆಯ ಪಕ್ಕದಲ್ಲಿ ಅವನ ಚಪ್ಪಲಿ! ಮೈ ಉರಿದುಹೋಯಿತು. "ಅಯ್ಯೋ ಅಲ್ಲ ಕಣ್ರೀ!" ಎಂದು ಉಳಿದೆರಡು ಸಾಲುಗಳನ್ನು ರಾಗಸಹಿತ ಹೇಳಿ ಅವನನ್ನು ತಿದ್ದಿದೆ. ಅವನು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೋದ. ಮರುದಿನದಿಂದ ಬರಲಿಲ್ಲ. ಪಾಪ, ಊರಲ್ಲಿ ಏನು ತೊಂದರೆಯಾಯಿತೋ ಎಂದು ಎರಡು ದಿನ ಅವನಿಗಾಗಿ ಪ್ರಾರ್ಥಿಸಿದೆ.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಹಾಲಿಗೆಂದು ಕೆಂಚವ್ವನ ಮನೆಗೆ ಹೋದೆ. ಅವಳು ಎಮ್ಮೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಾಲು ಕರೆಯುತ್ತ, 'ಕೂಗಿ ಕರೆಯದ ಹಣತೆ' ಎಂದು ಹಾಡುತ್ತಿದ್ದಳು. ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ರಾಗವನ್ನು ಎಷ್ಟು ಚೆನ್ನಾಗಿ ಹೊಂದಿಸಿದ್ದಾಳೆ ಎಂದು ಗೋಡೆಗೆ ಒರಗಿ ನಾಲ್ಕೂ ಸಾಲು ಕೇಳಿದೆ. ತಲೆಯನ್ನೂ ಆಡಿಸಿದೆ. ಅದು ನನ್ನ ಬಾಗಿಲ ಪದ್ಯ ಎಂದು ನೆನಪಾದದ್ದು ಆಮೇಲೆ.

"ಕೆಂಚವ್ವಾ, ಈ ಪದ ಎಲ್ಲಿ ಕಲಿತೆ?"

"ನಮ್ ಭಾವ ಕೆಳಪೇಟೆಯಿಂದ ತಂದ್ರು ಬುದ್ದಿ. ಯಾರದೋ ಬಾಗ್ಲುದಂತೆ. ಇದನ್ನ ಅಂದ್ರೆ ನಮ್ ಎಮ್ಮೆ ಒದಿಯಕಿಲ್ಲ."

ಕೆಳಪೇಟೆ ಇರುವುದು ಹಳೆಯ ಕಲ್ಯಾಣಿಯ ಅಡಿಯಲ್ಲಿ. ನೂರಾ ಎಂಟು ಮೆಟ್ಟಿಲಿಳಿದು, ನೀರಿಲ್ಲದ ತಳದ ಮಂಟಪದಿಂದ ಒಳಗೆ ಹೋದರೆ ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ. ಅಲ್ಲಿ ದೀಪ ಹಚ್ಚುವ ಹಾಗಿಲ್ಲ, ಹೆಸರು ಕೇಳುವ ಹಾಗಿಲ್ಲ, ಎಲ್ಲರೂ ತಲೆಯ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡಿರುತ್ತಾರೆ. ಊರಲ್ಲಿ ಯಾರನ್ನು ಕೇಳಿದರೂ ತಾನು ಅಲ್ಲಿಗೆ ಹೋಗಿಲ್ಲ, ತನ್ನ ಭಾವ ಒಮ್ಮೆ ಹೋಗಿದ್ದ ಎನ್ನುತ್ತಾರೆ. ನಾನು ಕಚೇರಿಯಿಂದ ಹನ್ನೆರಡಕ್ಕೆ ಎದ್ದು, ಕೊಟ್ಟಿಗೆಯ ಕಂಬಳಿ ಹೊದ್ದು ಇಳಿದೆ. ಕಣ್ಣು ಹೊಂದಿಕೊಂಡ ಮೇಲೆ ಮುಖಗಳು ಕಾಣದಿದ್ದರೂ ಪಾದಗಳು ಕಂಡವು. ನಮ್ಮ ಬೀದಿಯ ಅರ್ಧಕ್ಕರ್ಧ ಪಾದಗಳು ಅಲ್ಲಿದ್ದವು. ನಾನು ಮಾತ್ರ ಯಾರಿಗೂ ಗುರುತು ಸಿಗುವುದಿಲ್ಲ ಎಂಬ ಧೈರ್ಯದಲ್ಲಿ ಮುಂದೆ ಹೋದೆ.

"ಬನ್ನಿ ಪಾರೀಸಣ್ಣ," ಎಂದಳು ಮೊದಲ ಅಂಗಡಿಯ ಅಜ್ಜಿ. "ನಿಮ್ಮದೇ ನೋಡೋಕೆ ಬಂದ್ರಾ?"

ಅವಳ ಮುಂದೆ ನೂಲು ಸುತ್ತಿದ ಕಾಗದದ ಸುರುಳಿಗಳು ಮೂಲಂಗಿಯ ಹಾಗೆ ಪೇರಿಸಿದ್ದವು. ಒಂದನ್ನು ಎಳೆದು ನನ್ನ ಕೈಗಿಟ್ಟಳು. ಮಂಟಪದ ಬಿರುಕಿನಿಂದ ಬೀಳುವ ಸಣ್ಣ ಬೆಳಕಿಗೆ ಹಿಡಿದು ಓದಿದೆ. ನನ್ನ ಹೆಸರು, ಜನ್ಮನಕ್ಷತ್ರ, ಅಜ್ಜನ ಹೆಸರು. ಹನ್ನೊಂದು ಬಾಗಿಲುಗಳ ಪಟ್ಟಿ, ಅದರ ಕೆಳಗೆ ಒಂದೇ ಒಂದು ಪದ್ಯ. 'ದಿನಾ ಮೂರು ಗಂಟೆಗೆ ಪುರಾಣಕ್ಕೆ ಹೋಗುತ್ತಾನೆ, ಆಗ ಕಚೇರಿ ಖಾಲಿ. ಹೊಗಳಿದರೆ ಕರಗುತ್ತಾನೆ.' ಎಲ್ಲಕ್ಕಿಂತ ಕೆಳಗೆ ಅಡಿಗೆರೆ ಹಾಕಿ: 'ಏನು ತಿಳಿಯಬೇಕಿದ್ದರೂ ಇವನೆದುರು ತಪ್ಪಾಗಿ ಹೇಳಿ. ತಿದ್ದದೆ ಇರಲಾರ.'

ಐವತ್ತೆರಡು ವರ್ಷ ಬದುಕಿದವನ ಸಾರಾಂಶ ಅಂಗೈ ಅಗಲದ ಕಾಗದದಲ್ಲಿ ಹಿಡಿಸಿತ್ತು. ಒಂದಾದರೂ ತಪ್ಪಿದ್ದಿದ್ದರೆ ತಿದ್ದಬಹುದಿತ್ತು. ಇರಲಿಲ್ಲ.

"ಇದಕ್ಕೆ ಏನು ತಗೋತೀರಿ?"

"ಒಂದು ತೆಂಗಿನಕಾಯಿ."

"ಒಂದೇನಾ? ನಮ್ಮ ಪಕ್ಕದ ಮನೆ ಅಪ್ಪಾಜಯ್ಯನದು?"

"ಅವರದು ಮೂರು. ಬಾಗಿಲಿಗೊಂದು ಪದ್ಯ ಇಟ್ಟವ್ರೆ, ಒಂದೊಂದನ್ನೂ ಬೇರೆಬೇರೆ ಕದ್ದು ತರಬೇಕು. ನಿಮ್ಮದು ಸುಲಭಕ್ಕೆ ಸಿಕ್ಕಿದ್ದು. ಅದೂ ಅಲ್ದೆ ಈಗಾಗಲೇ ಹತ್ತು ಜನಕ್ಕೆ ಮಾರಿದೀನಿ. ಹಳೇ ಸರಕು."

ಪಕ್ಕದ ಮನೆಯವನಿಗಿಂತ ಅಗ್ಗವಾದೆನಲ್ಲ ಎಂದು ಆ ಗಳಿಗೆಯಲ್ಲೂ ಹೊಟ್ಟೆ ಉರಿಯಿತು. ಆಮೇಲೆ ನನಗೆ ಬಹಳ ಜಾಣತನದ ಉಪಾಯವೊಂದು ಹೊಳೆಯಿತು. ಮೇಲೆ ಹತ್ತಿ ಒಂದು ಕಾಯಿ ತಂದು, ನನ್ನ ಸುರುಳಿಯನ್ನು ನಾನೇ ಕೊಂಡುಕೊಂಡೆ. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ. ಅಜ್ಜಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಕೈಹಾಕಿ ಅಂಥದೇ ಇನ್ನೊಂದು ಸುರುಳಿ ತೆಗೆದು ಅದೇ ಜಾಗದಲ್ಲಿಟ್ಟಳು.

"ಇದೇನಜ್ಜೀ! ಕೊಂಡುಕೊಂಡೆನಲ್ಲ!"

"ಕೊಂಡ್ರಿ. ಹನ್ನೊಂದನೆಯವರು ನೀವು. ನನ್ನ ಬಾಯಲ್ಲಿರೋದನ್ನ ಎಲ್ಲಿ ಕೊಂಡ್ರಿ?" ಎಂದು ನಕ್ಕಳು. ಆಮೇಲೆ ಏನನ್ನಿಸಿತೋ, ದನಿ ತಗ್ಗಿಸಿದಳು. "ಕಾಯಿ ಒಳ್ಳೇದು ತಂದಿದೀರಿ, ಅದಕ್ಕೆ ಒಂದು ಮಾತು ಹೇಳ್ತೀನಿ. ಹತ್ತನೆಯವನು ಹೊರಗಿನೋನು, ಇವತ್ತು ಬೆಳಿಗ್ಗೆ ಬಂದಿದ್ದ. ತೋಳಲ್ಲಿ ಬೆಳ್ಳಿ ತಾಯಿತ. ಮನೆ ಬಾಗಿಲು ಬೇಡ ಅಂದ. ಕಚೇರಿ ಬೀರುವೂ ಇದಕ್ಕೇ ತೆಗೆಯುತ್ತಾ ಅಂತ ಎರಡೆರಡು ಸಲ ಕೇಳಿದ. ಹೆಂಡ್ತಿ ಓಡಿ ಬಂದವಳಂತೆ. ಮೂರು ಗಂಟೆಗೆ ಅಲ್ಲಿ ಯಾರೂ ಇರಲ್ಲ ಅಂತ ನಾನೇ ಹೇಳಿ ಕಳಿಸಿದೀನಿ."

ನೂರಾ ಎಂಟು ಮೆಟ್ಟಿಲನ್ನು ಆ ದಿನ ಹೇಗೆ ಹತ್ತಿದೆನೋ ಗೊತ್ತಿಲ್ಲ. ನಡುದಾರಿಯಲ್ಲಿ ಕಂಬಳಿ ಬಿದ್ದುಹೋಯಿತು, ಎತ್ತಿಕೊಳ್ಳಲಿಲ್ಲ. ಕಣ್ಣೆದುರು ಬೀರು ಕಾಣಲಿಲ್ಲ, ಚೀಟಿ ಕಾಣಲಿಲ್ಲ. ಮುಂಗೈಯ ಆ ಗೆರೆ ಕಂಡಿತು.

ಮರುದೇವಿ ಪಡಸಾಲೆಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಬಿಕ್ಕುತ್ತ ಬಿಕ್ಕುತ್ತ ಎಲ್ಲವನ್ನೂ ಹೇಳಿದೆ. ಕೆಂಪು ಶಾಲು, ಚಪ್ಪಲಿಯ ಸಾಲು, ತೆಂಗಿನಕಾಯಿ, ಯಾವುದನ್ನೂ ಬಿಡಲಿಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಯ ಗಡಿಯಾರ ನೋಡಿದಳು. ಎರಡು ಹೊಡೆದಿತ್ತು.

"ಅಳೋದು ಆಮೇಲೆ ಇಟ್ಕೊಳಿ. ಬೀರುವಿನ ಪದ್ಯ ಬದಲಾಯಿಸೋಣ. ಹೊಸದೊಂದು ಕಟ್ಟಿ."

ಪದ್ಯ ಬದಲಿಸುವುದೇನೂ ಕಷ್ಟವಲ್ಲ. ಬಾಗಿಲಿಗೆ ಹಳೆಯದನ್ನು ಒಮ್ಮೆ ಹೇಳಿ, ಹೊಸದನ್ನು ಮೂರು ಸಲ ಒಪ್ಪಿಸಿದರೆ ಆಯಿತು. ಕಷ್ಟವಿದ್ದದ್ದು ಕಟ್ಟುವುದರಲ್ಲಿ. ಕಣ್ಣು ಮುಚ್ಚಿ ಕೂತೆ. ಬಂದದ್ದೆಲ್ಲ ಒಂದೋ ಮೊಗಸಾಲೆಯಲ್ಲಿ ಊರೆಲ್ಲ ಕೇಳಿದ ಸಾಲು, ಇಲ್ಲವೇ ಕೇಳಿದವರು ಮರೆಯಲಾಗದಂಥ ಸಾಲು. ಎರಡೂವರೆ ಹೊಡೆಯಿತು.

"ಸಾಕು, ಏಳಿ," ಎಂದಳು ಮರುದೇವಿ. "ನಾನು ಹೇಳ್ತೀನಿ, ಕೇಳ್ಕೊಳಿ. 'ಎಮ್ಮೆ ಗುರುವಾರ ಹಪ್ಪಳ ಕೊಡೆ, ನಿಮ್ಮಣ್ಣನ ಮೂಗು ಎಪ್ಪತ್ತಮೂರು.'"

ಇದನ್ನು ಇಲ್ಲಿ ಬರೆಯಲು ಅಡ್ಡಿಯಿಲ್ಲ, ಯಾಕೆಂದರೆ ಅದನ್ನು ನಾವು ಬಳಸಲಿಲ್ಲ. ಮೂಗಿನ ಬದಲು ನಾಸಿಕ ಎಂದಿಟ್ಟರೆ ಸಾಲು ನಿಲ್ಲುತ್ತದೆ ಎಂದು ನಾನು ತಿದ್ದಲು ಹೋದೆ. "ತಿದ್ದಿದ್ರಲ್ಲ, ಇನ್ನು ಅದು ನಿಮ್ಮದು. ನಿಮ್ಮದನ್ನ ಯಾರು ಬೇಕಾದ್ರೂ ಕದೀತಾರೆ," ಎಂದು ಅವಳು ಅದನ್ನು ಎಸೆದು, ಅದಕ್ಕಿಂತ ಉದ್ದದ, ಅದಕ್ಕಿಂತ ಘೋರವಾದ ಇನ್ನೊಂದನ್ನು ಕಟ್ಟಿದಳು. ಅದರಲ್ಲಿ ಒಂದು ಪದಕ್ಕೂ ಮುಂದಿನದಕ್ಕೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಮೂರನೇ ಸಾಲು ನಡುವೆಯೇ ಮುರಿದು ಬೀಳುತ್ತಿತ್ತು. ನಾನು ತುಟಿ ಕಚ್ಚಿಕೊಂಡು ಬಾಯಿಪಾಠ ಮಾಡಿದೆ.

ಕಚೇರಿಯಲ್ಲಿ ಬೀರುವಿನ ಕಿವಿಗೆ ಬಾಯಿಟ್ಟು ಕೊನೆಯ ಬಾರಿಗೆ ನನ್ನ ಪದ್ಯ ಹೇಳಿದೆ. ಆಮೇಲೆ ಮರುದೇವಿಯದನ್ನು ಮೂರು ಸಲ. ಅವಳು ಹೊಸಿಲಲ್ಲಿ ಬೀದಿಗೆ ಮುಖಮಾಡಿ ಕೂತು, ಮೂರೂ ಸಲ ಬೀದಿ ತುಂಬುವಂತೆ ಕೆಮ್ಮಿದಳು. ಬೀರು ಅದನ್ನು ಒಂದು ಚೂರೂ ಅನುಮಾನಿಸದೆ ಒಪ್ಪಿಕೊಂಡಿತು. ನನಗೆ ಸ್ವಲ್ಪ ಬೇಸರವಾಯಿತು. ಇಷ್ಟು ವರ್ಷ ನನ್ನ ಪದ್ಯಕ್ಕೆ ಅದು ಮನಸೋತು ತೆರೆಯುತ್ತಿದೆ ಎಂದುಕೊಂಡಿದ್ದೆ. ಬಾಗಿಲಿಗೆ ಪದ್ಯವೂ ಒಂದೇ, ಸಂತೆಯ ಚೀಟಿಯೂ ಒಂದೇ.

ಮೂರು ಗಂಟೆಗೆ ಬಸದಿಯಲ್ಲಿ ಮೇಷ್ಟ್ರು ದನಿ ಎತ್ತಿದ್ದು ಕೇಳಿಸಿತು. ನೆನಪಿದ್ದಂತೆ ಮೂರನೇ ಕಂಬ ಖಾಲಿ ಇದ್ದದ್ದು ಅದೇ ಮೊದಲು. ಅದೇ ಹೊತ್ತಿಗೆ ತಾಯಿತದ ಮನುಷ್ಯ ಬಂದ. ಒಳಗೆ ನಾನಿರುವುದನ್ನು ಕಂಡು ಒಂದು ಹೆಜ್ಜೆ ತಡೆದ. ನೋಡಲು ಒರಟಾಗೇನೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು.

"ಪುರಾಣಕ್ಕೆ ಹೋಗಲಿಲ್ವಾ ಸ್ವಾಮೀ?"

"ಮೈಯಲ್ಲಿ ಹುಷಾರಿಲ್ಲ," ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಅವನು ಗೋಡೆಯ ಮೇಲಿನ ಪಟ ನೋಡುವವನಂತೆ ನಿಧಾನವಾಗಿ ಬೀರುವಿನ ಹತ್ತಿರ ಹೋಗಿ, ಅದಕ್ಕೆ ಬೆನ್ನು ಕೊಟ್ಟು ನಿಂತು, ಗಂಟಲಲ್ಲೇ ನನ್ನ ಪದ್ಯ ಹೇಳಿದ. ನನಗಿಂತ ಚೆನ್ನಾಗಿ ಹೇಳಿದ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬೀರು ಅಲ್ಲಾಡಲಿಲ್ಲ. ಇನ್ನೊಮ್ಮೆ ಹೇಳಿದ. ಇಲ್ಲ. ಬಂದು ನನ್ನೆದುರಿನ ಬೆಂಚಿನ ಮೇಲೆ ಕೂತ. ಇವನು ಸುರುಳಿಯ ಕೊನೆಯ ಸಾಲನ್ನೂ ಓದಿದ್ದಾನೆ ಎಂದು ನನಗೆ ಹೊಳೆದದ್ದು ಅವನು ಮಾತು ಶುರುಮಾಡಿದ ಮೇಲೆ.

"ನಮ್ಮ ಮನೆಯವಳು ಈ ಕಡೆ ಬಂದಿದ್ದಾಳೆ ಅಂತ ಸುದ್ದಿ. ಪಾಪ, ಬುದ್ಧಿ ಸರಿ ಇಲ್ಲ. ಬಂದು ಮೂರು ವರ್ಷ ಆಯ್ತು, ಶ್ರಾವಣದಲ್ಲಿ."

ಒಂದೂಕಾಲು ವರ್ಷ, ಮಾಘದಲ್ಲಿ, ಎಂದು ನಾಲಿಗೆ ಎದ್ದು ನಿಂತಿತು. ನಾನು ಅದನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದೆ.

"ಎಡಗಾಲು ಕುಂಟು ಅವಳಿಗೆ. ಬಟ್ಟೆ ಹೊಲಿಯೋ ಕೆಲಸ."

ಕುಂಟೂ ಇಲ್ಲ, ಹೊಲಿಗೆಯೂ ಇಲ್ಲ. ನನ್ನ ಹಣೆಯಲ್ಲಿ ಬೆವರು ಇಳಿಯಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ನಲ್ಲಿಯ ಕೆಳಗೆ ಕೊಡ ಇಟ್ಟು ಕಾಯುವವರ ಹಾಗೆ. ನಾನು ಪುಸ್ತಕದಲ್ಲಿ ಗೆರೆ ಎಳೆಯುತ್ತ ಕೂತೆ. ಆಗ ಅವನು ಮುಂದಕ್ಕೆ ಬಾಗಿ, ಮುಗುಳ್ನಕ್ಕು, ನನ್ನ ಮರ್ಮಕ್ಕೇ ಕೈಹಾಕಿದ.

"ಬಾಗಿಲೇ ನಿನ್ನ ಮುಂದೆ ಕೂತುಕೊಂಡಿದ್ದೇನೆ ನಾನು," ಎಂದು ಶುರುಮಾಡಿದ. "ಕೂಗಿ ಕೂಗಿ ಕರೆಯುವ ಲಾಟೀನು ಹೊರಗಿಟ್ಟಿದ್ದೀಯ ನೀನು. ನಿಮ್ಮದೇ ಅಲ್ವಾ ಸ್ವಾಮೀ? ಸರಿಯಾಗಿ ಹೇಳ್ತಾ ಇದೀನಾ?"

ಲಾಟೀನು! ನನ್ನ ಎದೆಯೊಳಗೆ ಯಾರೋ ಜರಡಿಯ ತಂತಿ ಎಳೆದ ಹಾಗಾಯಿತು. ಒಂದು ಸಾಲು ತಿದ್ದಿದರೆ ಇನ್ನೊಂದು ಬರುತ್ತದೆ, ಅದರ ಹಿಂದೆ ಮಾಘ ಮಾಸ ಬರುತ್ತದೆ, ಅದರ ಹಿಂದೆ ಜರಡಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರೆಯಿತು. ಅಷ್ಟರಲ್ಲಿ ಹೊಸಿಲ ಮೇಲಿನಿಂದ ಮರುದೇವಿ ಕೆಮ್ಮಿದಳು. ತೆರೆದ ಬಾಯಿಂದ ನಾನೂ ಕೆಮ್ಮಿದೆ.

ಅವನು ಮೂರನೇ ಸಾಲು ಹೇಳಿದ. ಅದು ಎಷ್ಟು ಕೆಟ್ಟದಾಗಿತ್ತೋ ನನಗೆ ಗೊತ್ತಿಲ್ಲ, ನಾನು ಕೆಮ್ಮುತ್ತಿದ್ದೆ. ನಾಲ್ಕನೆಯದಕ್ಕೂ ಕೆಮ್ಮಿದೆ. ಕಣ್ಣಲ್ಲಿ ನೀರು ಬರುವವರೆಗೆ, ಪಕ್ಕೆ ಹಿಡಿದುಕೊಳ್ಳುವವರೆಗೆ ಕೆಮ್ಮಿದೆ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು, ಒಳಗೆ ಯಾರೋ ಬಾಗಿಲ ಮುಂದೆ ನಿಂತಿದ್ದಾರೆ ಎಂದುಕೊಂಡು, ಮರ್ಯಾದೆಗೆ ತಾವೂ ಕೆಮ್ಮಿದರು. ನನ್ನದೇ ಪದ್ಯಕ್ಕೆ ನಾನು ಕೆಮ್ಮಿದ್ದು ಜೀವಮಾನದಲ್ಲಿ ಅದೇ ಮೊದಲು.

"ಥತ್, ಊರಿಗೆಲ್ಲ ಕ್ಷಯ," ಎಂದು ಅವನು ಮೂಗಿಗೆ ಕರವಸ್ತ್ರ ಹಿಡಿದು ಎದ್ದ. ಕೆಂಚವ್ವನ ಭಾವ ಹೇಳಿದ ಪ್ರಕಾರ ಐದು ಗಂಟೆಯ ಬಸ್ಸು ಹತ್ತಿ ಹೋದ. ಮರುದಿನವೂ ಬರಲಿಲ್ಲ, ವಾರವಾದರೂ ಬರಲಿಲ್ಲ. ಮುಂದೆ ಬರಲಾರ ಎಂದು ಹೇಳಲು ನನಗೆ ಧೈರ್ಯವಿಲ್ಲ.

ನಿಜವಾದ ಕಷ್ಟ ಉಳಿದದ್ದು ಆಮೇಲೆ. ತುಂಗವ್ವನಿಗೆ ಹೇಳಬೇಕು. ಚೀಟಿ ಉಳಿಯಿತಲ್ಲ, ಹೇಳಿ ಯಾಕೆ ಹೆದರಿಸುವುದು ಎಂದು ನನ್ನ ಮನಸ್ಸು ಬಹಳ ಕರುಣೆಯಿಂದ ಕೇಳಿತು. ಆ ಕರುಣೆ ಯಾರ ಮೇಲಿನದು ಎಂದು ಮರುದೇವಿ ಕೇಳಿದಳು. ಹೋದೆ. ತುಂಗವ್ವ ಮೊಣಕಾಲುಗಳ ನಡುವೆ ಜರಡಿಯ ಬಳೆ ಸಿಕ್ಕಿಸಿಕೊಂಡು ತಂತಿ ಬಿಗಿಯುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ತಾಯಿತದ ಮಾತು ಬಂದಾಗ ಅವಳ ಕೈ ನಿಂತಿತು. ಬಸ್ಸು ಹತ್ತಿದ ಎಂದ ಮೇಲೂ ಬಹಳ ಹೊತ್ತು ನಿಂತೇ ಇತ್ತು.

"ತಾಯೀ, ತಪ್ಪು ನನ್ನದು. ಅಂಥ ಪದ್ಯವನ್ನ ಯಾರಿಗೂ ಕೇಳಿಸದ ಹಾಗೆ ಇಟ್ಕ..."

"ನನಗೂ ಬಾಯಿಪಾಠ ಅದು," ಎಂದಳು.

"ಏನು?"

"ಚೀಟಿ ಇಟ್ರಲ್ಲ, ಅವತ್ತು. ನೀವು ಬೀರು ಮುಂದೆ ನಿಂತ್ರಿ, ನಾನು ಕೆಮ್ಮಿದೆ. ನನ್ನ ಕೆಮ್ಮು ಮುಗಿಯೋವರೆಗೂ ಕಾದು, ಆಮೇಲೆ ಹೇಳಿದ್ರಿ." ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ತೇ ಹೊರಟುಬಿಡೋಣ ಅನ್ನಿಸ್ತು. ಅವನು ಯಾರು ಅಂತ ನೀವು ಕೇಳಲಿಲ್ವಲ್ಲ, ಅದಕ್ಕೆ ಉಳ್ಕೊಂಡೆ."

ನನಗೆ ತಲೆಯೆತ್ತಲಾಗಲಿಲ್ಲ. ಅವಳೇ ಕೇಳಿದಳು.

"ಹೊಸ ಪದ್ಯ ಹೆಂಗದೆ ಅಣ್ಣಾ?"

"ತುಂಬಾ ಕೆಟ್ಟದಾಗಿದೆ ತಾಯೀ."

"ಸದ್ಯ," ಎಂದು ಅವಳು ಮತ್ತೆ ತಂತಿ ಎಳೆದಳು.

ವರ್ಷಕ್ಕೊಮ್ಮೆ, ಕ್ಷಮಾವಳಿಯ ದಿನ, ನಾವು ಮನೆಮನೆಗೆ ಹೋಗಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತೇವೆ. ಈ ಸಲ ಅದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಬೀರುವಿನಲ್ಲಿ ಇನ್ನೂ ನಲವತ್ತೆರಡು ಜನರ ಚೀಟಿಗಳಿದ್ದವು. ಮರುದಿನದಿಂದ ಹೊರಟೆ. ನಿಮ್ಮ ಚೀಟಿ ಇದ್ದ ಬೀರುವಿನ ಪದ್ಯ ಕೆಳಪೇಟೆಯಲ್ಲಿ ಒಂದು ತಿಂಗಳು ಮಾರಾಟವಾಗಿದೆ, ತಪ್ಪು ನನ್ನದು, ನಿಮ್ಮ ಮನೆಯ ಪದ್ಯವನ್ನೂ ಬದಲಿಸಿಕೊಳ್ಳಿ, ಒಂದೊಂದು ಬಾಗಿಲಿಗೆ ಒಂದೊಂದು ಇಡಿ ಎಂದು ನಲವತ್ತೆರಡು ಹೊಸಿಲಲ್ಲಿ ಹೇಳಿದೆ. ಕೆಲವರು ಬೈದರು. ಒಬ್ಬರು ನೀರು ಕೊಟ್ಟರು. ಮೂವರು, ಒಂದೊಂದು ಬಾಗಿಲಿಗೆ ಒಂದೊಂದು ಅಂದರೆ ನೆನಪಿಟ್ಟುಕೊಳ್ಳುವುದು ಹೇಗೆ ಎಂದು ಕೇಳಿದರು. ಅವರನ್ನು ಮರುದೇವಿಯ ಹತ್ತಿರ ಕಳಿಸಿದೆ. ಈಗ ಅವಳ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಸೇರಿ ನುಗ್ಗೆಸೊಪ್ಪು ಬಿಡಿಸುತ್ತ, ಯಾರ ಪದ್ಯ ಹೆಚ್ಚು ದರಿದ್ರವಾಗಿದೆ ಎಂದು ನಗುತ್ತಿರುತ್ತಾರೆ. ತಂತಮ್ಮ ಪದ್ಯವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹತ್ತಿರ ಹೋದರೆ ಎಲ್ಲರೂ ಕೆಮ್ಮುತ್ತಾರೆ.

ನಮ್ಮ ಹನ್ನೊಂದು ಬಾಗಿಲುಗಳಿಗೆ ಈಗ ಹನ್ನೊಂದು ಪದ್ಯಗಳಿವೆ, ಒಂದಕ್ಕಿಂತ ಒಂದು ಘೋರ. ದಿನಾ ಬೆಳಿಗ್ಗೆ ಕಚೇರಿಯ ಬೀರುವಿನ ಮುಂದೆ ನಿಂತು, ಅಂಗೈ ಅಡ್ಡ ಹಿಡಿದು, ಆ ಮುರಿದ ಮೂರನೇ ಸಾಲನ್ನು ಮುರಿದ ಹಾಗೆಯೇ ಗೊಣಗುತ್ತೇನೆ. ಒಂದು ಪದ ಆಚೆ ಸರಿಸಿದರೆ ಸರಿಹೋಗುತ್ತದೆ. ಯಾವ ಪದ ಎಂದೂ ನನಗೆ ಗೊತ್ತು. ಸರಿಸಿಲ್ಲ.

ನನ್ನ ಪದ್ಯ ಈಗ ಊರಲ್ಲಿ ಯಾವ ಬಾಗಿಲನ್ನೂ ತೆಗೆಯುವುದಿಲ್ಲ. ಕೆಳಪೇಟೆಯ ಅಜ್ಜಿ ಕಾಯಿ ಕೇಳುವುದನ್ನು ಬಿಟ್ಟು, ಬೇರೆ ಸುರುಳಿ ಕೊಂಡವರಿಗೆ ಅದನ್ನು ಕೊಸರಿಗೆ ಕೊಡುತ್ತಾಳಂತೆ. ನಿನ್ನೆ ಹಾಲಿಗೆ ಹೋದಾಗ ಕೆಂಚವ್ವ ಅದನ್ನೇ ಹಾಡುತ್ತಿದ್ದಳು. ಎರಡನೇ ಸಾಲಿನಲ್ಲಿ ಹಣತೆಯನ್ನು ಬಿಟ್ಟು ಬೇರೇನನ್ನೋ ಸೇರಿಸಿಕೊಂಡಿದ್ದಳು. ನಾನು ಚೊಂಬು ಹಿಡಿದು ಸುಮ್ಮನೆ ನಿಂತೆ. ಎಮ್ಮೆ ಕಿವಿ ಅಲ್ಲಾಡಿಸಿತು, ಕಣ್ಣು ಅರೆಮುಚ್ಚಿತು, ಸೊರ ಬಿಟ್ಟು ಹಾಲಿಳಿಸಿತು.